ಕೋಲಿಗೆ ಕೋಲು ಸಿಗಬೇಕಾದರೆ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರದಲ್ಲಿ ನಮ್ಮ ಮಂಡ್ಯ ಕಡೆಯ ಯಾವ ಹೋಬಳಿ ಊರಿಗೆ ಹೋದರೂ ಒಂದು ನೋಟ ಗ್ಯಾರಂಟಿ. ಬಸ್ ಸ್ಟಾಂಡಿನ ಎದುರು ದೊಡ್ಡ ಫ್ಲೆಕ್ಸ್. ಅದರ ತುಂಬ ಪಾಸ್‌ಪೋರ್ಟ್ ಸೈಜಿನ ಮುಖಗಳು. ಪ್ರತಿ ಮುಖದ ಕೆಳಗೂ 625ಕ್ಕೆ ಇಷ್ಟು ಅಂತ ಒಂದು ಅಂಕಿ. ನಮ್ಮ ಕೆರಗೋಡಿನಲ್ಲೂ ಅಷ್ಟೇ. ಕಬ್ಬಿನ ಲೋಡಿನವರು, ಹಾಲಿನ ಡೇರಿಗೆ ಬಂದವರು, ಎಲ್ಲರೂ ಒಂದು ನಿಮಿಷ ನಿಂತು "ಇದು ಯಾರ ಮಗ್ಳು?" ಅಂತ ವಿಚಾರಿಸಿಕೊಂಡೇ ಹೋಗುತ್ತಾರೆ. ನೋಡೋಕೆ ಖುಷಿಯಾಗುತ್ತೆ. ಕಷ್ಟಪಟ್ಟು ಓದಿದ ಮಕ್ಕಳಿಗೆ ಅಷ್ಟಾದರೂ ಸಲ್ಲಬೇಕು.

ಆದರೆ ಅದೇ ಶಾಲೆಯ ಮಕ್ಕಳು ಕೋಲಾಟದಲ್ಲೋ, ಜಾನಪದ ಗೀತೆಯಲ್ಲೋ, ನಾಟಕದಲ್ಲೋ ಗೆದ್ದು ಬಂದಾಗ ಏನಾಗುತ್ತೆ? ಯಾರೋ ಒಬ್ಬ ಟೀಚರ್ ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್ ಹಾಕುತ್ತಾರೆ. ಅದರ ಆಯುಷ್ಯ 24 ಗಂಟೆ. ಪ್ರಾರ್ಥನೆ ಹೊತ್ತಿನಲ್ಲಿ ಒಂದು ಚಪ್ಪಾಳೆ, ಮೊದಲ ಪೀರಿಯಡ್ ಬೆಲ್, ಮುಗೀತು. ಪ್ರಮಾಣಪತ್ರ ಪ್ಲಾಸ್ಟಿಕ್ ಕವರಿನೊಳಗೆ ಹೋಗಿ ರೇಷನ್ ಕಾರ್ಡಿನ ಪಕ್ಕ ಮಲಗುತ್ತೆ.

ಈಗ ಜೂನ್. ಶಾಲೆಗಳು ಶುರುವಾಗಿವೆ. ಇನ್ನೇನು ಪ್ರತಿಭಾ ಕಾರಂಜಿಯ ಸುತ್ತೋಲೆಯೂ ಬರುತ್ತೆ. ಅದಕ್ಕೇ ಈ ಸಲ ಈ ವಿಷಯ ತಗೊಂಡೆ.

ಪ್ರತಿಭಾ ಕಾರಂಜಿ ಗೊತ್ತಿಲ್ಲದವರು ಕಮ್ಮಿ. ಆದರೂ ಊರು ಬಿಟ್ಟು ದೂರ ಇರುವ ಓದುಗರಿಗಾಗಿ ಒಂದೆರಡು ಮಾತು. ಇದು ನಮ್ಮ ರಾಜ್ಯದ ಶಿಕ್ಷಣ ಇಲಾಖೆ ಪ್ರತಿ ವರ್ಷ ನಡೆಸುವ ಸ್ಪರ್ಧೆ. ಮೊದಲು ಕ್ಲಸ್ಟರ್, ಆಮೇಲೆ ತಾಲ್ಲೂಕು, ಜಿಲ್ಲೆ, ಕೊನೆಗೆ ರಾಜ್ಯ. ಕಂಠಪಾಠ, ಭಾವಗೀತೆ, ಜಾನಪದ ಗೀತೆ, ಭರತನಾಟ್ಯ, ಮಿಮಿಕ್ರಿ, ಆಶುಭಾಷಣ ಇವೆಲ್ಲ ಒಬ್ಬೊಬ್ಬರೇ ಮಾಡುವಂಥವು. ಜಾನಪದ ನೃತ್ಯ, ಕವ್ವಾಲಿ ತಂಡದವು. ಮೇಲಿನ ಹಂತಕ್ಕೆ ಹೋಗುವುದು ಮೊದಲನೇ ಬಹುಮಾನದವರು ಮಾತ್ರ. ಇದಲ್ಲದೆ ಕೇಂದ್ರ ಸರ್ಕಾರ 2015ರಿಂದ ಪ್ರೌಢಶಾಲೆ ಮತ್ತು ಪಿಯುಸಿ ಹಂತದ ಮಕ್ಕಳಿಗೆ ಕಲಾ ಉತ್ಸವ ಅಂತ ಶುರುಮಾಡಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ ಪಠ್ಯ ಬೇರೆ, ಪಠ್ಯೇತರ ಬೇರೆ ಅನ್ನೋ ಗೋಡೆಯೇ ಬೇಡ ಅಂತ ಬರೆದಿಟ್ಟಿದೆ. ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ಗೋಡೆ ಇರೋದು ನಮ್ಮ ಮನೆಗಳ ನಡುಮನೆಯಲ್ಲಿ.

ನಮ್ಮ ಅಕ್ಕನ ಮನೆಯದ್ದೇ ವಿಷಯ ಹೇಳ್ತೀನಿ. ಅವಳ ಮಗಳು ಹೋದ ವರ್ಷ ಹತ್ತನೇ ಕ್ಲಾಸು. ಎಂಟನೇ ಕ್ಲಾಸಿನಿಂದ ಶಾಲೆಯ ಕೋಲಾಟದ ತಂಡದಲ್ಲಿದ್ದಳು. ಆರು ಹೆಣ್ಣುಮಕ್ಕಳು, ಮೂರು ಜೋಡಿ. ಜುಲೈನಲ್ಲಿ ನಮ್ಮ ಭಾವ ಒಂದು ದಿನ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು, ಈ ವರ್ಷ ಕೋಲಾಟ ಬೇಡ ಅಂತ. ಫೋನಿನಲ್ಲಿ ನಾನು ಒಂದು ಮಾತು ಎತ್ತಿದ್ದಕ್ಕೆ ಸಿಕ್ಕ ಉತ್ತರ ಇದು:

"ನೀನು ಬೆಂಗ್ಳೂರ್ನಲ್ಲಿ ಕೂತ್ಕಂಡು ಏನ್ ಬೇಕಾದ್ರೂ ಹೇಳ್ತೀಯ. ಹತ್ತನೇ ಕ್ಲಾಸು ಕಣಪ್ಪ ಅದು. ಕೋಲು ಹೊಡ್ಕಂಡು ನಿಂತ್ರೆ ಪಿಯುಸಿಗೆ ಸೀಟು ಯಾರು ಕೊಟ್ಟಾರು? ನೀನು ಓದ್ದೆ, ಕೆಲ್ಸ ಸಿಕ್ತು. ಕುಣಿದಿದ್ರೆ ಸಿಕ್ತಿತ್ತಾ?"

ಭಾವನ ಮಾತಿನಲ್ಲಿ ಸಿಟ್ಟಿಗಿಂತ ಭಯ ಜಾಸ್ತಿ ಇತ್ತು. ನಾಲೆಗೆ ನೀರು ಯಾವಾಗ ಬಿಡ್ತಾರೋ ಗೊತ್ತಿಲ್ಲ, ಕಬ್ಬಿನ ದುಡ್ಡು ಯಾವಾಗ ಬರುತ್ತೋ ಗೊತ್ತಿಲ್ಲ. ಅಂಥ ಬದುಕಿನಲ್ಲಿ ಮಗಳ ಮಾರ್ಕ್ಸ್ ಕಾರ್ಡು ಒಂದೇ ಕೈಗೆ ಸಿಗುವ ಗಟ್ಟಿ ವಸ್ತು. ಅದನ್ನು ಹಿಡ್ಕೊಂಡ ಅಪ್ಪನನ್ನು ಕಲಾವಿರೋಧಿ ಅಂತ ಬಯ್ಯೋದು ಸುಲಭ. ನಾನು ಬಯ್ಯಲ್ಲ.

ಆದರೆ ಭಾವನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ, ಒಂದು ವಿಷಯವಿತ್ತು. ಅದನ್ನು ಹೇಳಿದ್ದು ಶಾಲೆಯ ಕನ್ನಡ ಮೇಡಂ. ಒಂದು ಸಂಜೆ ಮನೆಗೇ ಬಂದರಂತೆ. ಕಾಫಿ ಕುಡಿದು, ಅದೂ ಇದೂ ಮಾತಾಡಿ, ಕೊನೆಗೆ ಅಂದರಂತೆ: "ನಿಮ್ಮ ಮಗಳು ಓದೋದನ್ನ ನಾನು ಬೇಡ ಅನ್ನಲ್ಲಣ್ಣ. ಆದ್ರೆ ಅವಳು ಬಿಟ್ರೆ ಐದು ಜನ ಉಳೀತಾರೆ. ಐದು ಜನಕ್ಕೆ ಕೋಲಾಟ ಇಲ್ಲ."

ಅಷ್ಟೇ ಮಾತು. ಯೋಚನೆ ಮಾಡಿ ನೋಡಿ. ಒಬ್ಬ ಹುಡುಗ ಗಣಿತದ ಪರೀಕ್ಷೆಗೆ ಹೋಗದಿದ್ದರೆ ಪಕ್ಕದ ಬೆಂಚಿನವನ ಮಾರ್ಕ್ಸು ಒಂದೂ ಕಮ್ಮಿಯಾಗಲ್ಲ. ಕೋಲಾಟದಲ್ಲಿ ಒಬ್ಬಳು ಬರದಿದ್ದರೆ ಅವಳೆದುರಿಗೆ ನಿಂತವಳ ಕೋಲು ಗಾಳಿಗೆ ಬೀಸುತ್ತೆ. ನಮ್ಮ ಹುಡುಗಿಯ ಎದುರಿಗೆ ನಿಲ್ಲುತ್ತಿದ್ದವಳು ಓದಿನಲ್ಲಿ ಹಿಂದಿನ ಬೆಂಚು. ಅಪ್ಪ ಅಮ್ಮ ಇಬ್ಬರೂ ಕಬ್ಬು ಕಡಿಯುವ ಕೂಲಿಗೆ ಹೋಗುವವರು. ಕ್ಲಾಸಿನಲ್ಲಿ ಅವಳ ಹೆಸರು ಕರೆಯುತ್ತಿದ್ದುದು ಹೋಮ್‌ವರ್ಕ್ ಮಾಡಿಲ್ಲದಾಗ ಮಾತ್ರ. ಆದರೆ ಕೋಲು ಕೈಗೆ ಬಂದರೆ ಇಡೀ ತಂಡ ಅವಳ ಲಯಕ್ಕೆ ನಡೆಯಬೇಕು. ಪದ ಎತ್ತುವವಳೂ ಅವಳೇ, ವೇಗ ಏರಿಸುವವಳೂ ಅವಳೇ. ಅವಳಿಗೆ ಇಡೀ ಶಾಲೆಯಲ್ಲಿ ತಲೆಯೆತ್ತಿ ನಿಲ್ಲೋಕೆ ಇದ್ದದ್ದು ಆ ಒಂದು ಜಾಗ. ನಮ್ಮ ಮನೆಯ ಒಂದು 'ಬೇಡ' ಅದನ್ನು ಕಿತ್ತುಕೊಳ್ಳುತ್ತಿತ್ತು.

ಭಾವ ಒಪ್ಪಿದರು. ಷರತ್ತು ಹಾಕಿಯೇ ಒಪ್ಪಿದರು. ಸ್ಪೆಷಲ್ ಕ್ಲಾಸು ಒಂದೂ ತಪ್ಪಬಾರದು. ಮೇಡಂ ಅದಕ್ಕೊಂದು ದಾರಿ ಮಾಡಿದರು. ಮಧ್ಯಾಹ್ನದ ಬಿಸಿಯೂಟ ಆದ ಮೇಲೆ ಇಪ್ಪತ್ತು ನಿಮಿಷ, ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ಗಂಟೆ. ಇಷ್ಟರಲ್ಲೇ ತಾಲೀಮು.

ತಾಲೀಮು ಮಾಡಿಸಿದ್ದು ಯಾರು ಅಂತೀರಿ? ನಮ್ಮ ಬಹುಪಾಲು ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಂಗೀತ, ನೃತ್ಯಕ್ಕೆ ಅಂತ ಮೇಷ್ಟ್ರು ಇರಲ್ಲ. ಇದ್ದವರೇ ಹಂಚಿಕೊಂಡು ಮಾಡಬೇಕು. ಇಲ್ಲಿ ಕಲಿಸಿದ್ದು ಎಪ್ಪತ್ತು ದಾಟಿದ ಒಬ್ಬ ತಾತ. ಎರಡು ಎಕರೆ ಬೇಸಾಯ. ಚಿಕ್ಕಂದಿನಿಂದ ಊರ ಹಬ್ಬದಲ್ಲಿ ಕೋಲು ಹೊಡೆದವರು. ಪಟ ಕುಣಿತ, ಪೂಜಾ ಕುಣಿತ, ಸೋಮನ ಕುಣಿತ, ವೀರಗಾಸೆ, ಕೋಲಾಟ ಇವೆಲ್ಲ ನಮ್ಮ ಜಿಲ್ಲೆಯ ಮಣ್ಣಿನಲ್ಲೇ ಇರುವ ಕಲೆಗಳು. ಇವಕ್ಕೆ ಸಿಲಬಸ್ ಇಲ್ಲ. ಹಬ್ಬದ ರಾತ್ರಿಯಲ್ಲಿ ದೊಡ್ಡವರ ಹಿಂದೆ ನಿಂತು ಕಲಿತದ್ದು. ಆ ತಾತನ ಹತ್ತಿರ ಯಾವ ಸರ್ಟಿಫಿಕೇಟೂ ಇಲ್ಲ. ಫೀಸು ಅಂತ ಒಂದು ರೂಪಾಯಿಯೂ ತಗೊಂಡಿಲ್ಲ.

ಒಂದು ಶನಿವಾರ ನಾನು ಊರಿಗೆ ಹೋದಾಗ ತಾಲೀಮು ನೋಡಿದೆ. ಮಕ್ಕಳು ಕೋಲನ್ನೇ ನೋಡುತ್ತ ಹೊಡೆಯುತ್ತಿದ್ದರು, ತಪ್ಪುತ್ತಿತ್ತು. ತಾತ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಎದ್ದು ಬಂದು ಅಂದರು: "ಕೋಲು ನೋಡ್ಬ್ಯಾಡಿ ಕೂಸೇ. ಎದುರ್ಗಡೆಯೋಳ ಕಣ್ಣು ನೋಡಿ. ಕೋಲು ತಾನಾಗೇ ಸಿಕ್ತದೆ." ಮತ್ತೆ ಹೊಡೆದರು. ಸಿಕ್ತು.

ಸ್ಪರ್ಧೆಯ ಗಡಿಯಾರಕ್ಕೆ ಹೊಂದಿಸೋದು ತಾತನಿಗೆ ಕಷ್ಟವಾಯಿತು. ಹಬ್ಬದಲ್ಲಿ ರಾತ್ರಿಯಿಡೀ ನಡೆಯುವ ಆಟ, ಇಲ್ಲಿ ಕೆಲವೇ ನಿಮಿಷ. ಯಾವ ಪದ ಬಿಡೋದು, ಯಾವುದು ಇಟ್ಕೊಳ್ಳೋದು ಅಂತ ತಾತ, ಮೇಡಂ, ಮಕ್ಕಳು ಕೂತು ಎರಡು ದಿನ ಜಗಳ ಆಡಿದರಂತೆ. ಸೀರೆಗಳು ಮನೆಮನೆಯಿಂದ ಬಂದವು. ಒಂದೇ ಬಣ್ಣ ಸಿಗಲಿಲ್ಲ. ಕೊನೆಗೆ ರವಿಕೆ ಒಂದೇ ಥರ ಹೊಲಿಸಿದರು. ಕೋಲುಗಳನ್ನು ತಾತನೇ ಕೆತ್ತಿ, ಅರಿಶಿನ ಹಚ್ಚಿ ಕೊಟ್ಟರು.

ತಾಲ್ಲೂಕಿನಲ್ಲಿ ಮೊದಲನೇ ಬಹುಮಾನ. ಜಿಲ್ಲೆಯಲ್ಲಿ ಎರಡನೇದು. ಎರಡನೇದು ಅಂದರೆ ಅಲ್ಲಿಗೆ ನಿಂತಿತು, ರಾಜ್ಯ ಮಟ್ಟ ಇಲ್ಲ. ಮಕ್ಕಳು ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತರಂತೆ. ಸಾಮಾನ್ಯವಾಗಿ ಕಥೆ ಇಲ್ಲಿಗೇ ಮುಗಿಯುತ್ತೆ. 'ಪರವಾಗಿಲ್ಲ, ಈಗ ಓದಿಕೊಳ್ಳಿ' ಅಂತ ಎಲ್ಲರೂ ತಲೆ ಸವರುತ್ತಾರೆ.

ಇಲ್ಲಿ ಹಾಗಾಗಲಿಲ್ಲ. ಜನವರಿಯಲ್ಲಿ ಶಾಲೆಯ ವಾರ್ಷಿಕೋತ್ಸವ. ಹಳೇ ವಿದ್ಯಾರ್ಥಿ ಅಂತ ನನಗೂ ಕರೆ ಬಂದಿತ್ತು, ರಜೆ ಹಾಕಿ ಹೋದೆ. ನೀವೂ ಇಂಥ ಎಷ್ಟೋ ಸಮಾರಂಭ ನೋಡಿರ್ತೀರಿ. ಮೈಸೂರು ಪೇಟ, ಶಾಲು, ಹಾರ, ಗಣ್ಯರ ಭಾಷಣ. ಮಕ್ಕಳ ಬಹುಮಾನ ವಿತರಣೆ ಕೊನೆಗೆ, ಶಾಮಿಯಾನದವನು ಕುರ್ಚಿ ಮಡಚೋಕೆ ಶುರುಮಾಡಿದ ಮೇಲೆ. ಈ ಸಲ ಹೆಡ್ ಮೇಷ್ಟ್ರು ಮೇಡಂ ಮಾತು ಕೇಳಿ ಕ್ರಮ ತಿರುಗಿಸಿದ್ದರು. ಪ್ರಾರ್ಥನೆ ಆದ ಕೂಡಲೇ ಮಕ್ಕಳು.

"ಕೋಲಾಟದ ತಂಡ" ಅಂತ ಒಟ್ಟಿಗೆ ಕರೆಯಲಿಲ್ಲ. ಒಬ್ಬೊಬ್ಬಳ ಹೆಸರು, ಊರು, ಅಪ್ಪ ಅಮ್ಮನ ಹೆಸರು ಹೇಳಿ ಕರೆದರು. ಜೋಡಿ ಜೋಡಿಯಾಗಿ ವೇದಿಕೆಗೆ ಬಂದರು. ಕಂಠಪಾಠದಲ್ಲಿ ಗೆದ್ದ ಹುಡುಗ, ಮಿಮಿಕ್ರಿಯ ಹುಡುಗ, ನಾಟಕದಲ್ಲಿ ಪರದೆ ಎಳೆದವನು ಸಮೇತ ಎಲ್ಲರ ಹೆಸರೂ ಬಂತು. ನಮ್ಮ ಹುಡುಗಿಯ ಜೋಡಿಯ ಹೆಸರು ಮೈಕಿನಲ್ಲಿ ಬಂದಾಗ ಗೇಟಿನ ಹತ್ತಿರ ಕಬ್ಬಿನ ಗದ್ದೆಯಿಂದ ನೇರ ಬಂದು ನಿಂತಿದ್ದ ಅವರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಸುತ್ತ ನೋಡಿದರು. ಮೈಕಿನಲ್ಲಿ ತಮ್ಮ ಹೆಸರೂ ಬಂದದ್ದು ನಿಜವಾ ಅಂತ ಪಕ್ಕದವರನ್ನು ಕೇಳಿದರು.

ಆಮೇಲೆ ತಾತನನ್ನು ಕರೆದರು. ಅವರು ಎಲ್ಲೋ ಕಂಬದ ಹಿಂದೆ ನಿಂತಿದ್ದರು. ಮಕ್ಕಳೇ ಹೋಗಿ ಎಳ್ಕೊಂಡು ಬಂದರು. ಶಾಲು ಹೊದಿಸಿ ಎರಡು ಮಾತಾಡಿ ಅಂತ ಮೈಕ್ ಕೊಟ್ಟರು. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ದು ಇಷ್ಟೇ: "ನಂತಾವ ಇನ್ನೂ ಮೂವತ್ತು ಪದ ಅದೆ. ಈ ಕೂಸ್ಗಳು ಹತ್ನೇ ಕ್ಲಾಸ್ ಮುಗ್ಸಿ ಒಯ್ತವೆ. ಬರೋ ವರ್ಸ ಯಾರ್ಗೆ ಹೇಳ್ಕೊಡ್ಲಿ?"

ಭಾಷಣಕ್ಕೆ ಚಪ್ಪಾಳೆ ಹೊಡೆಯೋದು ಎಲ್ಲರಿಗೂ ಗೊತ್ತು. ಪ್ರಶ್ನೆಗೆ ಏನು ಮಾಡೋದು ಅಂತ ಯಾರಿಗೂ ತೋಚಲಿಲ್ಲ.

ಕೊನೆಗೆ ಜಡೆ ಕೋಲಾಟ. ಸ್ಪರ್ಧೆಯ ವೇದಿಕೆಯಲ್ಲಿ ಇದನ್ನು ಮಾಡೋಕೆ ಆಗಿರಲಿಲ್ಲ. ಶಾಲೆ ಮೈದಾನದ ಮರದ ಕೊಂಬೆಯಿಂದ ಆರು ಬಣ್ಣದ ಹಗ್ಗ ಇಳಿಬಿಟ್ಟಿದ್ದರು. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಕೋಲು. ಮೂವರು ಬಲಕ್ಕೆ, ಮೂವರು ಎಡಕ್ಕೆ. ಒಬ್ಬಳನ್ನು ಹೊರಗಿನಿಂದ ದಾಟು, ಮುಂದಿನವಳನ್ನು ಒಳಗಿನಿಂದ ದಾಟು. ಸುತ್ತು ಸುತ್ತುತ್ತಾ ಹೋದ ಹಾಗೆ ಮೇಲೆ ಹಗ್ಗ ಜಡೆಯಾಗಿ ಹೆಣೆದುಕೊಳ್ಳುತ್ತೆ. ಹೆಣೆಯೋದು ಸುಲಭದ ಅರ್ಧ. ಅದೇ ಹೆಜ್ಜೆಗಳನ್ನು ಉಲ್ಟಾ ಹಾಕಿ ಜಡೆ ಬಿಚ್ಚಬೇಕು. ಯಾರೊಬ್ಬರು ಒಂದು ಹೆಜ್ಜೆ ತಪ್ಪಿದರೂ ಹಗ್ಗ ಗಂಟಾಗಿ ಎಲ್ಲರೂ ನಿಲ್ಲಬೇಕು. ಹೆಣೆಯುವಷ್ಟು ಹೊತ್ತು ಭಾವ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದರು. ಬಿಚ್ಚೋಕೆ ಶುರುವಾದ ಮೇಲೆ ಮೊಬೈಲ್ ಜೇಬಿಗೆ ಹೋಯಿತು. ಕೊನೆಯ ಹಗ್ಗ ಬಿಡಿಸಿಕೊಳ್ಳುವ ತನಕ ಅವರು ಉಸಿರು ಬಿಟ್ಟ ಹಾಗೆ ನನಗೆ ಕಾಣಲಿಲ್ಲ.

ಈಗ ನೀವು ಕೇಳ್ತೀರಿ, ಸರಿ, ಆ ಹುಡುಗಿಗೆ ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಬಂತು ಅಂತ. ನಾನು ಹೇಳಲ್ಲ. ಜಾಸ್ತಿ ಬಂತು ಅಂದರೆ 'ನೋಡಿ, ಕೋಲಾಟದಿಂದ ಏಕಾಗ್ರತೆ ಬೆಳೆಯಿತು' ಅಂತೀರಿ. ಕಮ್ಮಿ ಬಂತು ಅಂದರೆ 'ನೋಡಿ, ಕುಣಿದದ್ದಕ್ಕೇ ಹೀಗಾಯ್ತು' ಅಂತೀರಿ. ಎರಡರಲ್ಲೂ ಕೋಲಾಟ ಮಾರ್ಕ್ಸಿನ ಆಳಾಗಿಯೇ ಉಳಿಯುತ್ತೆ. ಆರು ಮಕ್ಕಳು ಒಂದು ಜಡೆ ಹೆಣೆದು, ಗಂಟು ಬೀಳದ ಹಾಗೆ ಬಿಚ್ಚಿದರು. ಅದು ಅಷ್ಟಕ್ಕೇ ದೊಡ್ಡ ಸಾಧನೆ.

ನಮ್ಮ ಪಕ್ಕದ ಕೇರಳವನ್ನು ನೋಡಿ. ಅಲ್ಲಿ ಶಾಲಾ ಕಲೋತ್ಸವ ಅಂದರೆ ರಾಜ್ಯಕ್ಕೆ ರಾಜ್ಯವೇ ಹಬ್ಬ ಮಾಡುತ್ತೆ. ಶುರುವಾದದ್ದು 1957ರಲ್ಲಿ, ಎರ್ನಾಕುಲಂನಲ್ಲಿ. ಮರುವರ್ಷ, 1958ರಲ್ಲಿ, ಹಾಡುಗಾರಿಕೆಯಲ್ಲಿ ಗೆದ್ದ ಹುಡುಗ ಕೆ.ಜೆ. ಯೇಸುದಾಸ್. ಮೃದಂಗದಲ್ಲಿ ಗೆದ್ದವರು ಪಿ. ಜಯಚಂದ್ರನ್. ಒಬ್ಬರು ಹಾಡುತ್ತ, ಇನ್ನೊಬ್ಬರು ಮೃದಂಗ ನುಡಿಸುತ್ತಿರುವ ಹಳೇ ಕಪ್ಪುಬಿಳುಪು ಫೋಟೊ ಈಗಲೂ ಓಡಾಡುತ್ತೆ. 60ನೇ ಕಲೋತ್ಸವ 2019ರಲ್ಲಿ ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲಿ ನಡೆಯಿತು. ಅಲ್ಲಿನ ಸ್ಪರ್ಧೆಗಳ ಪಟ್ಟಿಯಲ್ಲಿ ನಮ್ಮ ಯಕ್ಷಗಾನವಿದೆ, ಕನ್ನಡ ಪದ್ಯವಾಚನವೂ ಇದೆ. ಗೆದ್ದ ಜಿಲ್ಲೆಗೆ 117.5 ಪವನಿನ ಚಿನ್ನದ ಕಪ್ ಕೊಡುತ್ತಾರೆ. ರಾಜ್ಯ ಮಟ್ಟದಲ್ಲಿ ಒಳ್ಳೆಯ ಗ್ರೇಡ್ ಪಡೆದ ಮಕ್ಕಳಿಗೆ ಗ್ರೇಸ್ ಮಾರ್ಕ್ಸ್ ಕೂಡ ಇದೆ.

ಇದನ್ನು ಕೇಳಿದರೆ ಹೊಟ್ಟೆಕಿಚ್ಚಾಗುತ್ತೆ. ಆದರೆ ಅದಕ್ಕೆ ಇನ್ನೊಂದು ಮುಖವೂ ಇದೆ. ಅತ್ಯುತ್ತಮ ಹುಡುಗನಿಗೆ ಕಲಾಪ್ರತಿಭಾ, ಹುಡುಗಿಗೆ ಕಲಾತಿಲಕಂ ಅಂತ ಬಿರುದು ಕೊಡುತ್ತಿದ್ದರು. ಅದರ ಹಿಂದೆ ಪೈಪೋಟಿ ಎಷ್ಟು ಬೆಳೆಯಿತೆಂದರೆ ತೀರ್ಪಿನ ಮೇಲೆ ಅಪೀಲು, ಕೋರ್ಟು ತನಕ ಹೋಯಿತು. ಕೊನೆಗೆ ಆ ಬಿರುದುಗಳನ್ನೇ ಕೈಬಿಟ್ಟು, ಗ್ರೇಡ್ ಕೊಡೋಕೆ ಶುರುಮಾಡಿದರು. ಕಲೆಯನ್ನು ಮರೆತರೆ ಒಂದು ನಷ್ಟ. ಅದನ್ನೂ ಇನ್ನೊಂದು 625 ಮಾಡಿಬಿಟ್ಟರೆ ಇನ್ನೊಂದು ನಷ್ಟ. ಸಂಭ್ರಮ ಇವೆರಡರ ನಡುವೆ ಎಲ್ಲೋ ಇರಬೇಕು.

ನನಗೆ ತೋಚಿದ ಉತ್ತರ ಹೆಸರಿನಲ್ಲಿದೆ. ನಾನು ಮಾಡೋದು ಸಾಫ್ಟ್‌ವೇರ್ ಕೆಲಸ. ನಮ್ಮಲ್ಲಿ ಕೋಡಿನ ಒಂದೊಂದು ಸಾಲನ್ನೂ ಯಾರು ಬರೆದರು, ಯಾವ ದಿನ ಬರೆದರು ಅನ್ನೋದು ದಾಖಲಾಗುತ್ತೆ. ಹತ್ತು ವರ್ಷ ಆದ ಮೇಲೂ ತೆಗೆದು ನೋಡಬಹುದು. ಆದರೆ ಒಂದು ಪದವನ್ನು ಐವತ್ತು ವರ್ಷ ಬಾಯಲ್ಲಿ ಉಳಿಸಿಕೊಂಡು ಬಂದ ತಾತನ ಹೆಸರು ಎಲ್ಲೂ ಇರಲ್ಲ. ನಮ್ಮ ಜಿಲ್ಲೆಯವರೇ ಆದ ಎಚ್.ಎಲ್. ನಾಗೇಗೌಡರು, ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದವರು, ಇದನ್ನು ಎಂದೋ ಅರ್ಥ ಮಾಡಿಕೊಂಡಿದ್ದರು. ಅಧಿಕಾರಿಯಾಗಿದ್ದುಕೊಂಡೇ ಊರೂರು ತಿರುಗಿ ಪದ ಸಂಗ್ರಹಿಸಿದರು. ರಾಮನಗರದ ಹತ್ತಿರ ಜಾನಪದ ಲೋಕ ಕಟ್ಟಿದರು. ಅವರ ಒಂದು ಸಂಗ್ರಹದ ಹೆಸರೇ 'ಸೋಬಾನೆ ಚಿಕ್ಕಮ್ಮನ ಪದಗಳು'. ಹಾಡಿದ ಹೆಂಗಸಿನ ಹೆಸರನ್ನು ಒಳಗೆಲ್ಲೋ ಅಡಿಟಿಪ್ಪಣಿಯಲ್ಲಿ ಹಾಕಿ ಸುಮ್ಮನಾಗಲಿಲ್ಲ, ರಕ್ಷಾಪುಟಕ್ಕೇ ತಂದರು.

ಅದೇ ದಾರಿಯಲ್ಲಿ ನಮ್ಮ ಶಾಲೆಯಲ್ಲಿ ಒಂದು ಸಣ್ಣ ಕೆಲಸ ಮಾಡಿದ್ದೇವೆ. ಹೆಡ್ ಮೇಷ್ಟ್ರ ರೂಮಿನ ಗೋಡೆ ಮೇಲೆ ವರ್ಷವಾರು ಎಸ್ಸೆಸ್ಸೆಲ್ಸಿ ಟಾಪರ್‌ಗಳ ಬೋರ್ಡು ಎಲ್ಲ ಶಾಲೆಯಲ್ಲೂ ಇರುತ್ತೆ ಅಲ್ವಾ? ಅದರ ಪಕ್ಕ ಹಳೇ ವಿದ್ಯಾರ್ಥಿಗಳು ಕೆಲವರು ದುಡ್ಡು ಹಾಕಿ ಅಷ್ಟೇ ಅಗಲದ ಇನ್ನೊಂದು ಬೋರ್ಡು ಬರೆಸಿದೆವು. ನಾಲ್ಕು ಕಾಲಂ: ವರ್ಷ, ಮಕ್ಕಳ ಹೆಸರು, ಕಲೆ, ಕಲಿಸಿದವರು. ಬಹುಮಾನ ಎಷ್ಟನೇದು ಅನ್ನೋ ಕಾಲಂ ಬೇಕು ಅಂತ ಒಬ್ಬರು ಹೇಳಿದರು. ಮೇಡಂ ಬೇಡ ಅಂದರು. ನಾಲ್ಕನೇ ಕಾಲಂನಲ್ಲಿ ತಾತನ ಪೂರ್ತಿ ಹೆಸರು ಬಂದಿದೆ. ಅವರ ಪೂರ್ತಿ ಹೆಸರು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಾದದ್ದೇ ಆವತ್ತು.

ನಿಮ್ಮೂರ ಶಾಲೆಯಲ್ಲೂ ಇದು ಆಗಬಹುದು. ಹತ್ತನೇ ಕ್ಲಾಸಿನ ಮಗುವನ್ನು ತಂಡದಿಂದ ಬಿಡಿಸೋ ಮೊದಲು ಅವಳ ಎದುರಿಗೆ ಯಾರು ನಿಲ್ತಾರೆ ಅಂತ ಒಂದು ಸಲ ಕೇಳಿ. ಬಹುಮಾನ ವಿತರಣೆಯನ್ನು ಕಾರ್ಯಕ್ರಮದ ಮೊದಲಿಗೆ ಇಡಿ ಅಂತ ಎಸ್‌ಡಿಎಂಸಿ ಸಭೆಯಲ್ಲಿ ಹೇಳಿ. ಹಬ್ಬದಲ್ಲಿ ಪದ ಹೇಳುವ ಅಜ್ಜಿ, ತಮಟೆ ಹೊಡೆಯುವ ಅಣ್ಣ ಇದ್ದರೆ ವಾರಕ್ಕೊಂದು ಗಂಟೆ ಶಾಲೆಗೆ ಕರೆಸಿ, ಬಸ್ ಚಾರ್ಜು, ಒಂದು ಊಟ, ಸಾಧ್ಯವಾದರೆ ಗೌರವಧನ ಕೊಡಿ. ಮೊಬೈಲ್ ಎಲ್ಲರ ಕೈಯಲ್ಲೂ ಇದೆ. ಅವರ ಪದ ರೆಕಾರ್ಡ್ ಮಾಡಿ, ಹೆಸರು ಬರೆದಿಡಿ.

ತಾತನ ಪ್ರಶ್ನೆಗೆ ಉತ್ತರ ಇನ್ನೂ ಪೂರ್ತಿ ಸಿಕ್ಕಿಲ್ಲ. ಈ ಜೂನ್‌ನಲ್ಲಿ ಎಂಟನೇ ಕ್ಲಾಸಿನಿಂದ ನಾಲ್ಕು ಹುಡುಗಿಯರು ಹೆಸರು ಕೊಟ್ಟಿದ್ದಾರಂತೆ. ಇಬ್ಬರು ಹುಡುಗರು 'ನಾವೂ ಬರಬಹುದಾ' ಅಂತ ಕೇಳಿದ್ದಾರಂತೆ. ಆರಾಯಿತು ನೋಡಿ, ಮೂರು ಜೋಡಿ. ಮೂವತ್ತು ಪದ ಬಾಕಿ ಇದೆ, ತಾತನಿಗೆ ವಯಸ್ಸಾಗಿದೆ. ಶನಿವಾರಗಳನ್ನು ಹಾಳು ಮಾಡೋ ಹಾಗಿಲ್ಲ.